ಇಳಿದ ತಲೆ, ಹತ್ತಿದ ತಲೆ

ಕೆನಡಾದ ವಿಮಾನ ನಿಲ್ದಾಣಗಳಲ್ಲಿ ಸುಗ್ಗಿಯೋ ಸುಗ್ಗಿ. 2024ರಲ್ಲಿ ಮಾಂಟ್ರಿಯಲ್ 2.24 ಕೋಟಿ ಪ್ರಯಾಣಿಕರನ್ನು ಎಣಿಸಿ ತನ್ನದೇ ಹಳೆಯ ದಾಖಲೆ ಮುರಿಯಿತು. ಕ್ಯಾಲ್ಗರಿ 1.89 ಕೋಟಿಗೆ ಏರಿ ಹಿಂದೆಂದೂ ಕಾಣದಷ್ಟು ಜನರನ್ನು ಕಂಡಿತು. ಟೊರಾಂಟೊದ ಪಿಯರ್ಸನ್ 4.68 ಕೋಟಿ ಮುಟ್ಟಿತು. 2019ರ ಐದು ಕೋಟಿಯ ವೈಭವ ಮರಳುವವರೆಗೆ ಅದಕ್ಕೆ ನಿದ್ದೆ ಇಲ್ಲ. ಅಲ್ಲಿ ವಿಮಾನ ತಪ್ಪಿಸಿಕೊಂಡು ಬೆಂಚಿನ ಮೇಲೆ ಒರಗಿದವರಿಗೂ ನಿದ್ದೆ ಇಲ್ಲ, ಅದು ಬೇರೆ ಲೆಕ್ಕ.

ಎಣಿಸುವ ಕ್ರಮ ತಿಳಿದರೆ ಸುಗ್ಗಿಯ ಸೊಗಸು ಇನ್ನೂ ಹೆಚ್ಚುತ್ತದೆ. ನಿಲ್ದಾಣಗಳು ಲೆಕ್ಕ ಹಿಡಿಯುವುದು ವಿಮಾನದಿಂದ ಇಳಿದವರನ್ನು ಮತ್ತು ವಿಮಾನ ಹತ್ತಿದವರನ್ನು. ವಿನಿಪೆಗ್‌ನಲ್ಲಿರುವ ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಹೊರಟ ಒಬ್ಬ ತಾಯಿಯನ್ನು ನೆನೆಯಿರಿ. ಕೈಚೀಲದಲ್ಲಿ ಅಂಟಿನುಂಡೆಯ ಡಬ್ಬ, ಮೆಂತ್ಯದ ಹಿಟ್ಟು, ಕಸ್ಟಮ್ಸ್‌ನವರು ಕೇಳಿದರೆ ಏನು ಹೇಳಬೇಕೆಂದು ಅಳಿಯ ಬರೆದುಕೊಟ್ಟ ಚೀಟಿ. ಟೊರಾಂಟೊದಲ್ಲಿ ಆಕೆ ಇಳಿದಾಗ ಒಂದು ತಲೆ, ಮುಂದಿನ ವಿಮಾನ ಹತ್ತಿದಾಗ ಇನ್ನೊಂದು ತಲೆ. ನಗರದ ಮುಖವನ್ನೇ ನೋಡದೆ ಆಕೆ ಅಲ್ಲಿ ಇಬ್ಬರಾದರು. ವಿನಿಪೆಗ್‌ನಲ್ಲಿ ಇಳಿದಾಗ ಮೂರನೆಯವರು. ಕಡಿದ ತಲೆಗಳು ಮರಳಿ ಬರಲು ರಾವಣನಿಗೂ ತಪಸ್ಸು ಬೇಕಾಯಿತು. ಇಲ್ಲಿ ಎರಡು ಬಾರಿ ವಿಮಾನ ಬದಲಿಸಿದರೆ ಸಾಕು. ಎರಡು ವಿಮಾನಗಳ ನಡುವೆ ಆಕೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಳೆದ ಹನ್ನೊಂದು ಗಂಟೆಗೆ ಮಾತ್ರ ಆ ಲೆಕ್ಕದಲ್ಲಿ ಕಲಂ ಇಲ್ಲ.

ತಲೆ ಎಣಿಸುವ ಈ ಚಟ ಇಂದು ನಿನ್ನೆಯದಲ್ಲ. ಮೊದಲು ಅದು ಇನ್ನೂ ಹುಟ್ಟದ ತಲೆಗಳನ್ನು ಎಣಿಸುವುದರಿಂದ ಶುರುವಾಯಿತು. 1969ರಲ್ಲಿ ಅಂದಿನ ಪ್ರಧಾನಿ ಪಿಯರ್ ಟ್ರುಡೊ ಅವರ ಸರ್ಕಾರಕ್ಕೆ ಒಂದು ದಿವ್ಯದರ್ಶನವಾಯಿತು: ಮಾಂಟ್ರಿಯಲ್‌ಗೆ ಜನಸಾಗರವೇ ಹರಿದುಬರಲಿದೆ, ಡೋರ್ವಾಲ್‌ನ ಹಳೆಯ ನಿಲ್ದಾಣ ಸಾಲದು. ಮಿರಾಬೆಲ್ ಎಂಬಲ್ಲಿ 97 ಸಾವಿರ ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಂಡರು. ನಮ್ಮ ದೇವನಹಳ್ಳಿಯ ನಿಲ್ದಾಣ ಸುಮಾರು ನಾಲ್ಕು ಸಾವಿರ ಎಕರೆ. ಅಂದರೆ ಇಪ್ಪತ್ತನಾಲ್ಕು ದೇವನಹಳ್ಳಿಗಳನ್ನು ಒಟ್ಟಿಗೆ ಹಾಸಬಹುದಾದ ಜಾಗದಿಂದ ರೈತರನ್ನು ಎಬ್ಬಿಸಿ, 1975ರಲ್ಲಿ ಉದ್ಘಾಟನೆ ಮುಗಿಸಿದರು.

ಆಮೇಲೆ ನೆನಪಾಯಿತು, ಅಲ್ಲಿಗೆ ಹೋಗಲು ರೈಲು ಬೇಕಲ್ಲ! ರೈಲು ಬರಲೇ ಇಲ್ಲ. ಅಮೆರಿಕ ಬಿಟ್ಟು ಉಳಿದ ಹೊರದೇಶಗಳ ವಿಮಾನಗಳು ಮಿರಾಬೆಲ್‌ನಲ್ಲಿ, ಒಳನಾಡಿನವು ಡೋರ್ವಾಲ್‌ನಲ್ಲಿ ಎಂದು ಪಾಲು ಮಾಡಿದರು. ಪ್ಯಾರಿಸ್‌ನಿಂದ ಬಂದವನು ಕ್ವಿಬೆಕ್ ನಗರಕ್ಕೆ ಹೋಗಬೇಕಾದರೆ ನಡುವೆ ಬಸ್ ಪ್ರಯಾಣ ಮಾಡಬೇಕು. ಬುದ್ಧಿ ಇದ್ದವರೆಲ್ಲ ಟೊರಾಂಟೊ ದಾರಿ ಹಿಡಿದರು. ಕೋಟಿಗಟ್ಟಲೆ ಜನ ಬರುತ್ತಾರೆಂದು ಕಟ್ಟಿದ ಮಿರಾಬೆಲ್ ವರ್ಷಕ್ಕೆ 30 ಲಕ್ಷದ ಗಡಿಯನ್ನೂ ದಾಟಲಿಲ್ಲ. 2004ರಲ್ಲಿ ಕೊನೆಯ ಪ್ರಯಾಣಿಕ ವಿಮಾನ ಹೋಯಿತು, ಹತ್ತು ವರ್ಷದ ಬಳಿಕ ಟರ್ಮಿನಲ್ ಕೆಡವಲು ಯಂತ್ರಗಳು ಬಂದವು. ಏರ್‌ಬಸ್ ಎ220 ವಿಮಾನಗಳನ್ನು ಇಂದಿಗೂ ಅಲ್ಲಿಯೇ ಜೋಡಿಸುತ್ತಾರೆ. ವಿಮಾನ ಹುಟ್ಟುವುದು ಮಿರಾಬೆಲ್‌ನಲ್ಲಿ, ಜನ ಹತ್ತುವುದು ಡೋರ್ವಾಲ್‌ನಲ್ಲಿ.

ಹಾಗಾದರೆ ಡೋರ್ವಾಲ್? ಮುಚ್ಚಿಹೋಗಬೇಕಿದ್ದ ಆ ಮುದುಕ ಗೆದ್ದ. ಅದೇ 2004ರಲ್ಲಿ ಅದಕ್ಕೆ ಹೊಸ ಹೆಸರನ್ನೂ ಇಟ್ಟರು. ಯಾರ ಹೆಸರು? ಅದನ್ನು ಮೂಲೆಗೆ ತಳ್ಳಲು ಮಿರಾಬೆಲ್ ಕಟ್ಟಿಸಿದ ಪಿಯರ್ ಟ್ರುಡೊ ಅವರದೇ! ಇಂಥದ್ದನ್ನು ವಿಡಂಬನಕಾರ ಕಲ್ಪಿಸಿ ಬರೆದರೆ ಸಂಪಾದಕರು ಅತಿಯಾಯಿತೆಂದು ಹೊಡೆದುಹಾಕುತ್ತಾರೆ.

ಟೊರಾಂಟೊ ಬಳಿಯ ಪಿಕರಿಂಗ್‌ನ ಕತೆ ಇದಕ್ಕಿಂತ ಮಿತವ್ಯಯದ್ದು. 1972ರಲ್ಲಿ 18,600 ಎಕರೆಯ ಸ್ವಾಧೀನ ಘೋಷಿಸಿದರು, 2025ರ ಜನವರಿಯಲ್ಲಿ ನಿಲ್ದಾಣ ಕಟ್ಟುವುದಿಲ್ಲ ಎಂದರು. ಕಟ್ಟಲೂ ಇಲ್ಲ, ಕೆಡವುವ ಖರ್ಚೂ ಬರಲಿಲ್ಲ. ತೀರ್ಮಾನಕ್ಕೆ ಹಿಡಿದದ್ದು ಬರೀ 53 ವರ್ಷ.

ಇಷ್ಟು ಶ್ರದ್ಧೆಯಿಂದ ತಲೆ ಎಣಿಸುವುದೇಕೆ ಎಂದು ಕೇಳಬೇಡಿ. ತಲೆಗಿಷ್ಟು ಎಂದು ದುಡ್ಡಿದೆ. ದೊಡ್ಡ ನಿಲ್ದಾಣಗಳ ನೆಲ ಒಟ್ಟಾವದ ಕೇಂದ್ರ ಸರ್ಕಾರದ್ದು. ತೊಂಬತ್ತರ ದಶಕದಲ್ಲಿ ಅವನ್ನು ಲಾಭರಹಿತ ಪ್ರಾಧಿಕಾರಗಳಿಗೆ ಗುತ್ತಿಗೆಗೆ ಕೊಟ್ಟು, ದೊಡ್ಡವರ ಒಟ್ಟು ಆದಾಯದಲ್ಲಿ ಶೇ. 12ರವರೆಗೆ ಬಾಡಿಗೆ ಎತ್ತುತ್ತಾರೆ. ಲಾಭದಲ್ಲಿ ಅಲ್ಲ, ಗಮನಿಸಿ, ಆದಾಯದಲ್ಲಿ. ಮನೆಯೊಡೆಯ ತಿಂಗಳು ತಿಂಗಳು ಬಾಡಿಗೆ ಎಣಿಸಿಕೊಳ್ಳುತ್ತಾನೆ, ಸೂರು ಸೋರಿದರೆ ಹೆಂಚು ಹೊದಿಸುವುದು ಬಾಡಿಗೆದಾರ. ಆ ಬಾಡಿಗೆದಾರನಿಗೆ ಹೆಂಚಿನ ದುಡ್ಡು ಎಲ್ಲಿಂದ ಬರಬೇಕು? ‘ನಿಲ್ದಾಣ ಸುಧಾರಣಾ ಶುಲ್ಕ’ ಎಂದು ಟಿಕೆಟ್ಟಿನಲ್ಲಿ ಸೇರುತ್ತದೆ. ಹಲವು ಕಡೆ ಅದು 30 ಡಾಲರ್ ದಾಟಿದೆ. ಅದರ ಮೇಲೆ ಭದ್ರತಾ ಶುಲ್ಕ. ಹೊರದೇಶಕ್ಕೆ ಹಾರುವವರಿಗೆ 2024ರ ಮೇ ತಿಂಗಳಲ್ಲಿ ಅದು 25.91ರಿಂದ 34.42 ಡಾಲರ್‌ಗೆ ಜಿಗಿಯಿತು. ಬೂಟು ಬಿಚ್ಚಿ, ಬೆಲ್ಟು ಬಿಚ್ಚಿ, ಕೈ ಎತ್ತಿ ನಿಲ್ಲುವ ಸೌಭಾಗ್ಯ ಪುಕ್ಕಟೆ ಸಿಗುತ್ತದೆಂದು ಯಾರೂ ಭಾವಿಸಬಾರದು.

ದುಡ್ಡು ಕೊಟ್ಟವನು ಗೊಣಗಿದರೆ? 2022ರ ಬೇಸಿಗೆಯಲ್ಲಿ ಪಿಯರ್ಸನ್‌ನಿಂದ ಹೊರಡುವ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಡವಾಗಿ, ವಿಳಂಬದಲ್ಲಿ ಅದು ಜಗತ್ತಿಗೇ ಮೊದಲ ಸ್ಥಾನ ಪಡೆಯಿತು. ಸರದಿ ಸಾಲುಗಳು ಬೆಳೆಯತೊಡಗಿದ್ದ ಮೇ ತಿಂಗಳಿನಲ್ಲೇ ಅಂದಿನ ಸಾರಿಗೆ ಸಚಿವ ಒಮರ್ ಅಲ್‌ಘಬ್ರಾ ರೋಗದ ಮೂಲ ಹಿಡಿದಿದ್ದರು. ಕೋವಿಡ್‌ನಲ್ಲಿ ಜನಕ್ಕೆ ಪ್ರಯಾಣದ ಅಭ್ಯಾಸ ತಪ್ಪಿದೆ. ಲ್ಯಾಪ್‌ಟಾಪ್, ದ್ರವ ಪದಾರ್ಥ ಹೊರತೆಗೆಯುವಾಗ ಇಲ್ಲಿ ಹತ್ತು ಸೆಕೆಂಡು, ಅಲ್ಲಿ ಹದಿನೈದು ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತಾರೆ ಎಂದರು. ತಪಾಸಣೆಗೆ ಸಿಬ್ಬಂದಿ ಇಲ್ಲದ್ದು ಅವರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಪ್ರೇಕ್ಷಕನೇ ಡೊಂಕಾದ.

ನ್ಯಾಯ ಬೇಕೆಂದರೆ ಅದಕ್ಕೂ ದಾರಿ ಇದೆ. 2019ರಲ್ಲಿ ಜಾರಿಯಾದ ಪ್ರಯಾಣಿಕರ ರಕ್ಷಣಾ ನಿಯಮಗಳ ಪ್ರಕಾರ, ಒಂಬತ್ತು ಗಂಟೆ ಮೀರಿದ ವಿಳಂಬಕ್ಕೆ ದೊಡ್ಡ ಕಂಪನಿ ಸಾವಿರ ಡಾಲರ್ ತೆರಬೇಕು. ತಪ್ಪು ಕಂಪನಿಯ ಹತೋಟಿಯಲ್ಲಿದ್ದರೆ ಮಾತ್ರ. ಹತೋಟಿಯಲ್ಲಿದ್ದೂ ಅದು ಸುರಕ್ಷತೆಗೆ ಅಗತ್ಯವಾಗಿತ್ತು ಎಂದರೆ ಪರಿಹಾರ ಇಲ್ಲ. ಈ ಕಿಂಡಿ ಬಿಟ್ಟವರು ಪುಣ್ಯಾತ್ಮರು. ಆಕಾಶದಲ್ಲಿ ಹಾರುವ ವಸ್ತುವಿನ ಯಾವ ತೊಂದರೆ ತಾನೇ ಸುರಕ್ಷತೆಗೆ ಸಂಬಂಧಿಸಿಲ್ಲ? ನಮ್ಮ ಮೈಸೂರಿನ ತಾಯಿ ಈ ವಾದ ಒಪ್ಪದಿದ್ದರೆ ಕೆನಡಾ ಸಾರಿಗೆ ಸಂಸ್ಥೆಗೆ ದೂರು ಕೊಡಬಹುದು. 2024ರಲ್ಲಿ ಅಲ್ಲಿ ಆಕೆಯ ಮುಂದೆ ಸಾಲಿನಲ್ಲಿದ್ದ ದೂರುಗಳು 70 ಸಾವಿರಕ್ಕೂ ಹೆಚ್ಚು. ಆಕೆ ಬಾಣಂತನ ಮಾಡಿದ ಮಗು ಶಾಲೆಗೆ ಸೇರುವ ವೇಳೆಗೆ ಉತ್ತರ ಬರಬಹುದು.

ಇನ್ನು ಕಂಪನಿಯ ಮಾತನ್ನೇ ನಂಬುತ್ತೇನೆ ಎಂದವನೊಬ್ಬನಿದ್ದ. ಅಜ್ಜಿ ತೀರಿಕೊಂಡಾಗ ಏರ್ ಕೆನಡಾದ ಜಾಲತಾಣದ ಚಾಟ್‌ಬಾಟ್ ಬಳಿ ಸಾವಿನ ರಿಯಾಯಿತಿಯ ಬಗ್ಗೆ ವಿಚಾರಿಸಿದ. ಈಗ ಟಿಕೆಟ್ ಕೊಳ್ಳಿ, ಆಮೇಲೆ ಅರ್ಜಿ ಹಾಕಿ ಎಂದಿತು ಅದು. ಅರ್ಜಿ ಹಾಕಿದರೆ ಅಂಥ ನಿಯಮವೇ ಇಲ್ಲ ಎಂದಿತು ಕಂಪನಿ. ಪ್ರಕರಣ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋದಾಗ ಕಂಪನಿಯ ವಾದದ ತಿರುಳು ಇಷ್ಟು: ಚಾಟ್‌ಬಾಟ್ ಪ್ರತ್ಯೇಕ ಕಾನೂನು ವ್ಯಕ್ತಿ, ಅದು ಆಡಿದ ಮಾತಿಗೆ ಅದೇ ಹೊಣೆ. 2024ರ ಫೆಬ್ರುವರಿಯಲ್ಲಿ ಮಂಡಳಿ ಇದನ್ನು ತಳ್ಳಿಹಾಕಿ, ಪರಿಹಾರ ಕೊಡುವಂತೆ ಹೇಳಿತು. ಸಂಬಳವಿಲ್ಲದೆ ದುಡಿಯುತ್ತಿದ್ದ ಆ ಬಡಪಾಯಿ ಯಂತ್ರ ಕಟಕಟೆ ಹತ್ತುವುದು ಸ್ವಲ್ಪದರಲ್ಲಿ ತಪ್ಪಿತು.

ಸಂಬಳವಿಲ್ಲದ ದುಡಿಮೆ ಯಂತ್ರಕ್ಕಷ್ಟೇ ಮೀಸಲಲ್ಲ. ಗಗನಸಖಿಯರಿಗೆ ವೇತನದ ಗಡಿಯಾರ ಓಡುತ್ತಿದ್ದುದು ವಿಮಾನ ಕದಲಿದ ಮೇಲೆ. ಬಾಗಿಲಲ್ಲಿ ನಿಂತು ನಮಸ್ಕಾರ ಹೇಳುವುದು, ಯಾರದೋ ಭಾರದ ಪೆಟ್ಟಿಗೆಯನ್ನು ತಲೆಯ ಮೇಲಿನ ಕಪಾಟಿಗೆ ತುರುಕುವುದು, ಮಂಜು ಕರಗಿಸುವ ಸರದಿಗಾಗಿ ಕಾಯುತ್ತಾ ಇನ್ನೂರು ಜನರ ಸಿಟ್ಟಿಗೆ ಮುಗುಳುನಗುವುದು, ಬಹುಪಾಲು ಧರ್ಮಾರ್ಥ. 2025ರ ಆಗಸ್ಟ್ 16ರಂದು ಏರ್ ಕೆನಡಾದ ಹತ್ತು ಸಾವಿರ ಸಿಬ್ಬಂದಿ ಮುಷ್ಕರ ಹೂಡಿದರು. ದೂರುಗಳ ಗುಡ್ಡದ ಮುಂದೆ ಆಕಳಿಸುವ ಸರ್ಕಾರ ಅಂದು ಹನ್ನೆರಡು ಗಂಟೆಯೊಳಗೆ ಎಚ್ಚೆತ್ತು, ಕೆಲಸಕ್ಕೆ ಮರಳಿ, ಪಂಚಾಯ್ತಿ ಮಾಡಿಸುತ್ತೇವೆ ಎಂದಿತು. ಸಿಬ್ಬಂದಿ ಕದಲಲಿಲ್ಲ. ದಿನಕ್ಕೆ ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಅಲ್ಲಲ್ಲೇ ಸಿಕ್ಕಿಬಿದ್ದರು. ಆಮೇಲಷ್ಟೇ ನೆಲದ ಮೇಲಿನ ಕೆಲಸಕ್ಕೂ ಕೂಲಿ ಎಂಬ ಒಪ್ಪಂದವಾಯಿತು.

ಸಿಕ್ಕಿಬಿದ್ದವರಿಗೆ ಬದಲಿ ವಿಮಾನ ಹುಡುಕಿಕೊಡಬೇಕು, ನಿಯಮ ಹಾಗಿದೆ. ವಿಳಂಬದ ಪರಿಹಾರ ಮಾತ್ರ ಕೇಳುವಂತಿಲ್ಲ. ಕಂಪನಿಯ ಸಿಬ್ಬಂದಿಗೆ ಕಂಪನಿಯೇ ಕೂಲಿ ಕೊಡದೆ ಎದ್ದ ಮುಷ್ಕರವು ಕಂಪನಿಯ ಹತೋಟಿಗೆ ಮೀರಿದ್ದು. ನಿಯಮಾವಳಿ ಅದನ್ನು ಯುದ್ಧ, ಬಿರುಗಾಳಿ, ವಿಮಾನಕ್ಕೆ ಬಡಿಯುವ ಹಕ್ಕಿಗಳ ಜೊತೆಗೆ ಒಂದೇ ಪಟ್ಟಿಯಲ್ಲಿ ಕೂರಿಸಿದೆ.