ಸತ್ತ ಎಮ್ಮೆಗೆ ಹತ್ತು ಸೇರು ಹಾಲು

ಬಿಬಿಸಿಯ ಕಾಲಯಾನದ ಟೀವಿ ಧಾರಾವಾಹಿ ‘ಡಾಕ್ಟರ್ ಹೂ’ನಲ್ಲಿ ನಿಮಗೆ ತುಂಬಾ ಹಿಡಿಸಿದ ಕತೆ ಯಾವುದು ಅಂತ ಯಾರಾದರೂ ಕೇಳಿದರೆ ನಾನು ತಡವರಿಸುವುದೇ ಇಲ್ಲ. 1964ರ ‘ಮಾರ್ಕೋ ಪೋಲೋ’. ಏಳು ಕಂತು. ಏನು ಸೆಟ್ಟು, ಏನು ಉಡುಪು, ಏನು ಗತ್ತು! ನೋಡಿದ್ದೀರಾ ಅಂತ ಮಾತ್ರ ಕೇಳಬೇಡಿ. ನೋಡಿಲ್ಲ. ನೀವೂ ನೋಡುವ ಹಾಗಿಲ್ಲ. ಏಳಕ್ಕೆ ಏಳನ್ನೂ ಬಿಬಿಸಿಯವರು ಅಳಿಸಿ ಕೂತಿದ್ದಾರೆ.

ನನ್ನ ಪಟ್ಟಿಯಲ್ಲಿ ಎರಡನೆಯದು 1966ರ ‘ದ ಪವರ್ ಆಫ್ ದ ಡಾಲೆಕ್ಸ್’. ಆರು ಕಂತು, ಆರೂ ಇಲ್ಲ. ಮೂರನೆಯದು 1968ರ ‘ಫ್ಯೂರಿ ಫ್ರಮ್ ದ ಡೀಪ್’. ಅದೂ ಆರು, ಅದೂ ಇಲ್ಲ. ನಾಲ್ಕನೇ ಸ್ಥಾನದಿಂದ ಕೆಳಗೆ, ಪಾಪ, ಉಳಿದುಕೊಂಡ ಕತೆಗಳು. ಅವುಗಳಲ್ಲಿ ರಾಕ್ಷಸರು ರಬ್ಬರಿನವರು, ಬಾಗಿಲು ಹಾಕಿದರೆ ಗೋಡೆ ಅಲ್ಲಾಡುತ್ತದೆ, ನಟರು ಮಾತು ತಪ್ಪುತ್ತಾರೆ. ಕಣ್ಣಿಗೆ ಕಾಣುವುದರ ಕಷ್ಟವೇ ಇದು, ಅಲ್ವಾ?

ಅಳಿಸಿದ್ದು ಯಾಕೆ ಅಂದರೆ, ಮಿತವ್ಯಯ. ಆ ಕಾಲದ ಎರಡಿಂಚು ಅಗಲದ ವಿಡಿಯೋ ಟೇಪು ಭಾರಿ ದುಬಾರಿ. ಅಳಿಸಿದರೆ ಮತ್ತೆ ಬಳಸಬಹುದು. ಕಲಾವಿದರ ಸಂಘದ ಜೊತೆಗಿನ ಒಪ್ಪಂದದಿಂದ ಬೇಕೆಂದಾಗೆಲ್ಲ ಮರುಪ್ರಸಾರ ಮಾಡುವ ಹಾಗಿರಲಿಲ್ಲ. ಮೇಲಿಂದ ಬಣ್ಣದ ಟೀವಿ ಬಂತು. ಕಪ್ಪು ಬಿಳುಪನ್ನು ಯಾರು ನೋಡುತ್ತಾರೆ? ಹೊರದೇಶಗಳಿಗೆ ಮಾರಲು ಮಾಡಿಸಿದ 16 ಎಂಎಂ ಫಿಲ್ಮ್ ಪ್ರತಿಗಳೇನೋ ಇದ್ದವು. ಆದರೆ ಮಾರಾಟದ ವಿಭಾಗದವರು ಮೂಲ ಟೇಪು ಟೇಪಿನ ವಿಭಾಗದವರ ಹತ್ತಿರ ಇದ್ದೇ ಇರುತ್ತದೆ ಅಂದುಕೊಂಡರು. ಟೇಪಿನವರು ಫಿಲ್ಮ್ ಇವರ ಹತ್ತಿರ ಇರುತ್ತದೆ ಅಂದುಕೊಂಡರು. ಹೀಗೆ ಒಬ್ಬರನ್ನೊಬ್ಬರು ನಂಬಿ ಇಬ್ಬರೂ ಬೀರು ಖಾಲಿ ಮಾಡಿದರು. ಕಡತ ಕಳೆಯುವುದು ನಮ್ಮ ಕಚೇರಿಗಳ ಸ್ವಂತ ಕಲೆ ಅಂದುಕೊಂಡಿದ್ದೆ. ಲಂಡನ್ನಿನಲ್ಲೂ ಅದಕ್ಕೆ ಘರಾನ ಇದೆ.

ಮೊದಲ ಆರು ವರ್ಷದ ಕಂತುಗಳು 253. 2013ರಲ್ಲಿ ಒಂದಷ್ಟು ಸಿಕ್ಕ ಮೇಲೂ ಸಿಗದೆ ಉಳಿದವು 97. ಬೇಜಾರಾಗಬೇಡಿ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ಬಿಬಿಸಿ ಸ್ಟುಡಿಯೋದಿಂದ ರಾತ್ರಿಯಿಡೀ ನೇರ ಪ್ರಸಾರ ಮಾಡಿತ್ತಲ್ಲ, ಅದೂ ಇಲ್ಲ. ನಿಜವಾದ ಚಂದ್ರನಿಗೇ ಜಾಗ ಕೊಡದವರು ರಟ್ಟಿನ ಗ್ರಹಗಳಿಗೆ ಕೊಡುತ್ತಾರೆಯೇ?

ಎಲ್ಲಕ್ಕಿಂತ ನನಗೆ ಖುಷಿ ಕೊಟ್ಟದ್ದು ಆಸ್ಟ್ರೇಲಿಯಾದ ಸೆನ್ಸಾರ್. ಅಲ್ಲಿನವರು ಮಕ್ಕಳು ಹೆದರಿಯಾರು ಅಂತ ಭಯಾನಕ ದೃಶ್ಯಗಳಿಗೆಲ್ಲ ಕತ್ತರಿ ಹಾಕಿದರು. ಕತ್ತರಿಸಿದ ಚೂರುಗಳನ್ನು ಮಾತ್ರ ಶಿಸ್ತಾಗಿ ಎತ್ತಿಟ್ಟರು. 1996ರಲ್ಲಿ ಅವು ಅಲ್ಲಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಸಿಕ್ಕವು. ‘ಫ್ಯೂರಿ ಫ್ರಮ್ ದ ಡೀಪ್’ನಲ್ಲಿ ಇಬ್ಬರು ಸಭ್ಯ ಗೃಹಸ್ಥರು ಬಾಯಿ ಅಗಲಿಸಿ ವಿಷದ ಗಾಳಿ ಊದುವ ದೃಶ್ಯ ಇವತ್ತಿಗೂ ಇದೆ. ಯಾರೂ ನೋಡಬಾರದು ಅಂತ ಕಿತ್ತುಹಾಕಿದ್ದು ಉಳಿಯಿತು. ಎಲ್ಲರೂ ನೋಡಲಿ ಅಂತ ಬಿಟ್ಟಿದ್ದೆಲ್ಲ ಹೋಯಿತು.

ಇನ್ನು ನಾವು ಅಭಿಮಾನಿಗಳು. ನಮ್ಮ ಹಿರಿಯರು, ಅಂದರೆ ಆಗಿನ ಇಂಗ್ಲೆಂಡಿನ ಹುಡುಗರು, ಟೀವಿಯ ಮುಂದೆ ಮೈಕು ಹಿಡಿದು ಕೂತು ಧ್ವನಿ ಮುದ್ರಿಸಿಕೊಂಡರು. ಹಾಗಾಗಿ ಅಳಿಸಿದ ಪ್ರತಿಯೊಂದು ಕಂತಿನ ಸದ್ದೂ ಉಳಿದಿದೆ. ಒಂದು ಸಂಸ್ಥೆಗೆ ಆಗದ್ದು ಊಟದ ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡ ಹುಡುಗರಿಗೆ ಆಯಿತು. ಆ ಗೊರಗೊರ ಸದ್ದು ಕೇಳಿಕೊಂಡೇ ನಾವು ಛಾಯಾಗ್ರಹಣ ಹೊಗಳುತ್ತೇವೆ. ನಿರ್ದೇಶಕರ ಕ್ಯಾಮೆರಾ ಚಲನೆ ಎಷ್ಟು ಸೂಕ್ಷ್ಮ ಅಂತ ರಾತ್ರಿ ಹನ್ನೆರಡರವರೆಗೆ ಜಗಳವಾಡುತ್ತೇವೆ. ಸುಮ್ನೆ ಅಲ್ಲ, ಸ್ನೇಹ ಮುರಿಯುವಷ್ಟು.

ಒಮ್ಮೆ ಎಮ್ಮೆ ಎದ್ದು ಬಂದೇಬಿಟ್ಟಿತು. 1967ರ ‘ದ ಟೂಂಬ್ ಆಫ್ ದ ಸೈಬರ್‌ಮೆನ್’ ಅಂದರೆ ನಮ್ಮವರಲ್ಲಿ ಕಳೆದುಹೋದ ಮಹಾಕಾವ್ಯ ಅಂತಲೇ ಹೆಸರು. ಹಾಂಗ್‌ಕಾಂಗ್‌ನಲ್ಲಿ ನಾಲ್ಕೂ ಕಂತು ಸಿಕ್ಕಿ 1992ರಲ್ಲಿ ಕ್ಯಾಸೆಟ್ ಬಂತು. ಜನ ಮುಗಿಬಿದ್ದರು. ನೋಡಿದರೆ, ಒಬ್ಬನನ್ನು ಎತ್ತಿ ಎಸೆಯುವ ಕಡೆ ಅವನನ್ನು ನೇತುಹಾಕಿದ ತಂತಿ ಎದ್ದು ಕಾಣುತ್ತಿದೆ! ಕತೆ ಚೆನ್ನಾಗಿಯೇ ಇದೆ ಅನ್ನಿ. ಆದರೆ ಹತ್ತು ಸೇರು ಕರೆಯುತ್ತಿದ್ದ ಎಮ್ಮೆ ಕೊಟ್ಟಿಗೆಗೆ ಬಂದ ಮೇಲೆ ಮೂರು ಪಾವಿಗೆ ಇಳಿಯಿತು.

ಲೆಕ್ಕ ಉಲ್ಟಾ ಆಗಿದ್ದೂ ಉಂಟು, ಮುಚ್ಚಿಡುವುದು ಬೇಡ. ‘ದ ಎನಿಮಿ ಆಫ್ ದ ವರ್ಲ್ಡ್’ ಕತೆಯಲ್ಲಿ ಉಳಿದಿದ್ದು ಮೂರನೇ ಕಂತು ಒಂದೇ. ಅದನ್ನು ನೋಡಿ ಇಡೀ ಕತೆಯೇ ಸಪ್ಪೆ ಅಂತ ನಾವು ತೀರ್ಪು ಕೊಟ್ಟಾಗಿತ್ತು. ನೈಜೀರಿಯಾದ ಜೋಸ್ ಊರಿನಲ್ಲಿ ಉಳಿದ ಐದೂ ಸಿಕ್ಕವು. ನೋಡಿದರೆ ಸೊಗಸಾಗಿದೆ. ಆರರಲ್ಲಿ ಬೋರು ಹೊಡೆಸುವ ಒಂದನ್ನು ಹುಡುಕಿ ಉಳಿಸಿಕೊಳ್ಳುವುದು ಸಣ್ಣ ಪ್ರತಿಭೆಯಲ್ಲ. ಜೊತೆಗೇ ಸಿಕ್ಕ ‘ದ ವೆಬ್ ಆಫ್ ಫಿಯರ್’ನಲ್ಲಿ ಮೂರನೇ ಕಂತು ಮಾತ್ರ ಇಲ್ಲ. ಮುಂದೆ ಬ್ರಿಗೇಡಿಯರ್ ಆಗಿ ಮನೆಮಾತಾದ ಲೆತ್‌ಬ್ರಿಜ್-ಸ್ಟುವರ್ಟ್ ಎಂಬ ಪಾತ್ರ ಮೊದಲ ಸಲ ಮುಖ ತೋರಿಸುವುದು ಅದರಲ್ಲೇ.

2006ರಿಂದೀಚೆಗೆ ಬಿಬಿಸಿಯವರೇ ಆ ಹಳೆ ಧ್ವನಿಗೆ ಕಾರ್ಟೂನ್ ಚಿತ್ರ ಸೇರಿಸಿ ಕಳೆದ ಕಂತುಗಳನ್ನು ಮಾರುತ್ತಿದ್ದಾರೆ. ಅಳಿಸಿದ್ದಕ್ಕೆ ಅವತ್ತು ಟೇಪಿನ ದುಡ್ಡು ಉಳಿಯಿತು. ಅಳಿಸಿದ್ದನ್ನೇ ಬಿಡಿಸಿ ಮಾರಿ ಈಗ ದುಡ್ಡು ಬರುತ್ತಿದೆ. ನಾನೂ ಕೊಂಡಿದ್ದೇನೆ. ಚೆನ್ನಾಗಿದೆ, ಆದರೆ ಅಳಿಸಿದ್ದರಷ್ಟು ಚೆನ್ನಾಗಿಲ್ಲ.

ಆಗಾಗ ಗುಲ್ಲೇಳುತ್ತದೆ. ಯಾರದೋ ಅಟ್ಟದ ಮೇಲೆ ಡಬ್ಬಿಗಳಿವೆಯಂತೆ, ಯಾವುದೋ ದೇಶದ ಟೀವಿ ಕೇಂದ್ರದಲ್ಲಿ ತುಕ್ಕು ಹಿಡಿದ ಬೀರು ತೆರೆದರಂತೆ. ನಾನು ತಕ್ಷಣ ದೇವರ ಮುಂದೆ ದೀಪ ಹಚ್ಚುತ್ತೇನೆ. ಸಿಗಲಿ ಸ್ವಾಮಿ, ಯಾವುದಾದರೂ ಸಿಗಲಿ. ‘ಮಾರ್ಕೋ ಪೋಲೋ’ ಒಂದು ಬಿಟ್ಟು.