ಹಳೇ ಕಾರು ದಿನಾ ಓಡಬೇಕು, ಶೆಡ್ಡಿನಲ್ಲಿ ನಿಲ್ಲಬಾರದು

"ಫಿಯಟ್ ಇನ್ನೂ ಇಟ್ಕೊಂಡಿದ್ದೀರಾ? ಭಾನುವಾರ ಒಂದು ರೌಂಡ್ ಹಾಕ್ತೀರಾ?" ಅಂತ ಸುಮಾರು ಜನ ಕೇಳುತ್ತಾರೆ. ಭಾನುವಾರ ಅದಕ್ಕೆ ರಜೆ. ಸೋಮವಾರದಿಂದ ಶನಿವಾರದವರೆಗೆ ಶಿವಮೊಗ್ಗದಿಂದ ಭದ್ರಾವತಿಯ ಕಾಲೇಜಿಗೆ ನಾನು ಹೋಗಿ ಬರುವುದು ಅದರಲ್ಲೇ. ಬರುವಾಗ ತರಕಾರಿ, ಗ್ಯಾಸ್ ಸಿಲಿಂಡರ್, ಕೆಲವೊಮ್ಮೆ ಪಕ್ಕದ ಮನೆಯ ಅಜ್ಜಿಯನ್ನು ಆಸ್ಪತ್ರೆಯಿಂದ ಕರೆತರುವುದೂ ಅದರಲ್ಲೇ. ಹಳೇ ಕಾರನ್ನು ಉಳಿಸಿಕೊಳ್ಳಬೇಕು ಅಂದರೆ ದಿನಾ ಓಡಿಸಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗಾಡಿ ನಮ್ಮ ದೊಡ್ಡಪ್ಪ 1986ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ. 1089 ಸಿಸಿ, ನಾಲ್ಕು ಸಿಲಿಂಡರ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಇದೇ ಮಾಡೆಲ್ 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಬಂತು. ಆಮೇಲೆ ಪ್ರೆಸಿಡೆಂಟ್ ಆಯಿತು, ಪದ್ಮಿನಿ ಆಯಿತು. ನಮ್ಮ ಕಡೆ ಜನರ ಬಾಯಲ್ಲಿ ಮಾತ್ರ ಮೊದಲಿನಿಂದ ಕೊನೆಯವರೆಗೂ ಫಿಯಟ್ಟೇ.

ದಿನಾ ಓಡಿಸಿದರೆ ಸವೆಯುತ್ತಲ್ಲ ಅಂತ ಅನುಮಾನ ಇರುವವರು ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳನ್ನು ನೆನಪಿಸಿಕೊಳ್ಳಿ. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿ ಆದದ್ದು 2003ರ ಅಕ್ಟೋಬರ್‌ನಲ್ಲಿ. ಟ್ಯಾಕ್ಸಿಗಳಿಗೆ ಅಲ್ಲಿ 20 ವರ್ಷದ ಮಿತಿ ಇದೆ. ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಅವು ರಸ್ತೆಯಿಂದ ಇಳಿದವು. ಆ ಮಳೆ, ಆ ಉಪ್ಪುಗಾಳಿ, ಆ ಟ್ರಾಫಿಕ್ಕಿನಲ್ಲಿ 20 ವರ್ಷ ದುಡಿದ ಗಾಡಿಗಳು ಅವು. ವಯಸ್ಸಿನ ನಿಯಮ ಅಡ್ಡ ಬರದಿದ್ದರೆ ಇನ್ನೂ ಎಷ್ಟೋ ಗಾಡಿಗಳು ಓಡುತ್ತಿದ್ದವು.

ಈಗ ನಿಲ್ಲಿಸಿಟ್ಟ ಗಾಡಿಯ ಕಥೆ. ತೀರ್ಥಹಳ್ಳಿ ಹತ್ತಿರ ಪರಿಚಯದವರೊಬ್ಬರ ಮನೆಯಲ್ಲಿ ಇದೇ ಮಾಡೆಲ್ ಇತ್ತು. ಅಪ್ಪನ ಕಾರು ಅಂತ ಪ್ರೀತಿಯಿಂದ ಕವರ್ ಹಾಕಿ ಅಡಿಕೆ ಶೆಡ್ಡಿನಲ್ಲಿ ಇಟ್ಟಿದ್ದರು. ಕವರ್ ತೆಗೆದಾಗ ಪೇಂಟ್ ಚೆನ್ನಾಗೇ ಇತ್ತು. ಡ್ರೈವರ್ ಸೀಟಿನ ಕೆಳಗೆ ಮ್ಯಾಟ್ ಎತ್ತಿದರೆ ತಳದ ತಗಡು ತುಕ್ಕು ಹಿಡಿದು ತೂತಾಗಿ ಶೆಡ್ಡಿನ ನೆಲವೇ ಕಾಣಿಸಿತು! ಕವರ್ ಒಳಗೆ ಸೇರಿದ ತೇವ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಕ್ಲಚ್ ಪ್ಲೇಟು ಫ್ಲೈವ್ಹೀಲಿಗೆ ಅಂಟಿಕೊಂಡಿತ್ತು. ಇಲಿ ವೈರಿಂಗ್ ತಿಂದಿತ್ತು. ನನ್ನ ಜೊತೆ ಬಂದಿದ್ದ ಮೆಕ್ಯಾನಿಕ್ ಬ್ರೇಕ್ ಡ್ರಮ್ ಬಿಚ್ಚಿ ನೋಡಿ, "ಮೇಷ್ಟ್ರೇ, ನಾಲ್ಕೂ ವೀಲ್ ಸಿಲಿಂಡರ್ ಜಾಮ್. ಓಡಿಸ್ತಿದ್ದ ಗಾಡಿಗೆ ಹಿಂಗಾಗಲ್ಲ" ಅಂದರು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಅಂಶವನ್ನು ಎಳೆದುಕೊಳ್ಳುತ್ತದೆ. ಗಾಡಿ ನಿಂತಲ್ಲೇ ನಿಂತರೆ ಆ ನೀರು ವೀಲ್ ಸಿಲಿಂಡರ್ (ಚಕ್ರದ ಹತ್ತಿರ ಬ್ರೇಕನ್ನು ಒತ್ತುವ ಭಾಗ) ಒಳಗೆ ತುಕ್ಕು ಹಿಡಿಸುತ್ತದೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ದಿನಾ ಬ್ರೇಕ್ ತುಳಿಯುವವನಿಗೆ ಪೆಡಲ್ ಸ್ವಲ್ಪ ಬದಲಾದರೂ ಅವತ್ತೇ ಕಾಲಿಗೆ ಗೊತ್ತಾಗುತ್ತದೆ.

ಪೆಟ್ರೋಲ್ ವಿಷಯ ಇದಕ್ಕಿಂತ ದೊಡ್ಡದು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20% ಎಥನಾಲ್. 1986ರ ಗಾಡಿ ಮಾಡಿದವರು ಇದನ್ನು ಕನಸಿನಲ್ಲೂ ಎಣಿಸಿರಲಿಲ್ಲ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ವಾರಗಟ್ಟಲೆ ನಿಲ್ಲಿಸಿ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಬೌಲ್ ಬಿಚ್ಚಿದರೆ ತಳದಲ್ಲಿ ಬಿಳಿ ಪುಡಿ ಕೂತಿರುತ್ತದೆ. ಅದು ಲೋಹ ತಿಂದುಹೋಗುತ್ತಿರುವ ಗುರುತು. ಅದೇ ಪುಡಿ ಹೋಗಿ, ಪೆಟ್ರೋಲ್ ಅಳತೆಯಾಗಿ ಹರಿಯುವ ಜೆಟ್ಟಿನ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ದಿನಾ ಓಡುವ ಗಾಡಿಯಲ್ಲಿ ಪೆಟ್ರೋಲ್ ಹಳೆಯದಾಗುವುದೇ ಇಲ್ಲ. ಆದರೂ ನಾನು ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಜಾತಿಯದ್ದಕ್ಕೆ ಬದಲಾಯಿಸಿದ್ದೇನೆ. ಪಂಪಿನ ಡಯಾಫ್ರಮ್ಮನ್ನೂ ಹಾಗೇ. ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಪೆಟ್ರೋಲ್ ಸಾಲದೆ ಇಂಜಿನ್ ಎಳೆಯುವಾಗ ಮುಗ್ಗರಿಸುತ್ತಿತ್ತು. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿದ ಮೇಲೆ ಸರಿಹೋಯಿತು. ಹಳೇ ಗಾಡಿ ಇರುವವರೆಲ್ಲ ಪೈಪು ಮಾತ್ರ ತಪ್ಪದೆ ಬದಲಾಯಿಸಿ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ದಿನಾ ಓಡಿಸುವುದು ಅಂದರೆ ದಿನಾ ಮೈ ನೋಡುವುದೂ ಹೌದು. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ನನ್ನ ಕೈ ಮೊದಲು ಹೋಗುವುದು ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿಗೆ. ಕ್ಲಿಪ್ ಬಿಚ್ಚಿ ನೋಡಿದರೆ ಒಳಗೆ ಸಣ್ಣಗೆ ಇಬ್ಬನಿ ಥರ ನೀರಿರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಒಳಗೆ ಕರೆಂಟ್ ಕೂಡಿಸಿ ಬಿಡಿಸುವ ಪಾಯಿಂಟನ್ನು ಉಜ್ಜುಕಾಗದದಿಂದ ಎರಡು ಸಲ ಮೆಲ್ಲಗೆ ಉಜ್ಜಿ, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ಹಾಕಿ ಗ್ಯಾಪ್ ನೋಡಬೇಕು. ಅರ್ಧ ಮಿಲಿಮೀಟರಿಗಿಂತ ಒಂದು ಚೂರು ಕಡಿಮೆ. ಗೇಜು ಸಡಿಲವಾಗಿಯೂ ಹೋಗಬಾರದು, ಬಿಗಿಯಾಗಿಯೂ ಹೋಗಬಾರದು. ಕ್ಯಾಪ್ ಹಾಕಿ, ಚೋಕ್ ಎಳೆದು ಕೀ ತಿರುಗಿಸಿದರೆ ಕೆಲಸ ಮುಗಿಯಿತು. ಇನ್ನೊಂದು ವಿಷಯ, ಬಾಗಿಲಿನ ತಳದಲ್ಲಿ ನೀರು ಹೋಗಲು ಸಣ್ಣ ಕಿಂಡಿಗಳಿರುತ್ತವೆ. ಎಲೆ, ಮಣ್ಣು ತುಂಬಿ ಅವು ಮುಚ್ಚಿಹೋಗುತ್ತವೆ. ಒಂದು ತಂತಿ ತೂರಿಸಿ ಆಗಾಗ ಬಿಡಿಸಿದರೆ ಬಾಗಿಲು ಎಷ್ಟೋ ವರ್ಷ ಜಾಸ್ತಿ ಬಾಳಿಕೆ ಬರುತ್ತದೆ. ಮಲೆನಾಡಿನಲ್ಲಿ ಕಾರನ್ನು ತಿನ್ನುವುದು ತುಕ್ಕು. ಇಂಜಿನ್ ಹೇಗೋ ಆಗುತ್ತದೆ.

ಪಾರ್ಟ್ಸ್ ಸಿಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ಸವೆಯುವ ಸಾಮಾನು ಬಹಳಷ್ಟು ಸಿಗುತ್ತದೆ. ಬಾಡಿ ಸಾಮಾನಿಗೆ ಶಿವಾಜಿನಗರದ ಗುಜರಿ ಕಡೆ ಹೋಗಬೇಕು. ಭದ್ರಾವತಿ, ಶಿವಮೊಗ್ಗ ನಮ್ಮಂಥವರಿಗೆ ಪುಣ್ಯದ ಊರು. ಉಕ್ಕಿನ ಕಾರ್ಖಾನೆ, ಫೌಂಡ್ರಿಗಳ ನೆರಳಲ್ಲಿ ಬೆಳೆದ ಲೇತ್ ಅಂಗಡಿಗಳಿವೆ. ಒಮ್ಮೆ ಕಿಂಗ್ ಪಿನ್ (ಮುಂದಿನ ಚಕ್ರ ತಿರುಗುವ ಕೀಲು) ಬುಷ್ ಸವೆದಿತ್ತು. ಹಳೇದನ್ನು ತಗೊಂಡುಹೋಗಿ ತೋರಿಸಿದೆ. ಟರ್ನರ್ ಅಳತೆ ತೆಗೆದು ಮರುದಿನ ಹೊಸದು ಮಾಡಿಕೊಟ್ಟರು. ಇವತ್ತಿನ ಕಾರಿನ ಒಂದು ಸೆನ್ಸರ್ ಹೋದರೆ ಯಾವ ಲೇತಿನಲ್ಲಿ ಮಾಡಿಸುತ್ತೀರಿ?

ಹಾಗಂತ ಹಳೇ ಕಾರು ಎಲ್ಲದಕ್ಕೂ ಸರಿ ಅಂತ ನಾನು ಹೇಳುವುದಿಲ್ಲ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ನಾಲ್ಕೂ ಕಡೆ ಡ್ರಮ್ ಬ್ರೇಕು. ಮುಂದೆ ಬೆಲ್ಟ್ ಹಾಕಿಸಿದ್ದೇನೆ, ಆದರೂ ಅಪಘಾತದಲ್ಲಿ ಹೊಸ ಕಾರಿನಷ್ಟು ಕಾಯುವುದಿಲ್ಲ. ಅದಕ್ಕೇ ಮಕ್ಕಳನ್ನು ದೂರ ಕರೆದುಕೊಂಡು ಹೋಗುವಾಗ ತಮ್ಮನ ಹೊಸ ಗಾಡಿ. ಎಲ್ಲರೂ ನೂರರಲ್ಲಿ ಓಡುವ ಎಕ್ಸ್‌ಪ್ರೆಸ್‌ವೇಗೆ ಇದನ್ನು ಇಳಿಸುವುದಿಲ್ಲ. ನೀರು ದಾಟಿದ ಮೇಲೆ ಬ್ರೇಕನ್ನು ನಾಲ್ಕು ಸಲ ಮೆಲ್ಲಗೆ ಒತ್ತಿ ಒಣಗಿಸಿಯೇ ಮುಂದೆ ಹೋಗುತ್ತೇನೆ. ಹೊಗೆಯ ವಿಷಯದಲ್ಲೂ ಮುಚ್ಚುಮರೆ ಬೇಡ. ಎಮಿಷನ್ ಟೆಸ್ಟಿನಲ್ಲಿ ನನ್ನ ಗಾಡಿಯ ಕಾಲದ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ 3%. ಬಿಎಸ್4 (ಭಾರತ್ ಸ್ಟೇಜ್ 4 ಹೊಗೆ ನಿಯಮದ) ಕಾರಿಗೆ 0.3%. ಹತ್ತು ಪಟ್ಟು ವ್ಯತ್ಯಾಸ. ಹಾಗಾಗಿ ಟ್ಯೂನಿಂಗ್ ಸರಿ ಇಟ್ಟುಕೊಳ್ಳುವುದು ನಮ್ಮ ಜವಾಬ್ದಾರಿ. ಕಪ್ಪು ಹೊಗೆ ಬಿಡುತ್ತಾ ಹೋಗುವವನಿಗೆ ಹಳೇ ಕಾರಿನ ಮೇಲೆ ಪ್ರೀತಿ ಇದೆ ಅಂತ ನಾನು ಒಪ್ಪುವುದಿಲ್ಲ.

ನನಗೆ ಬೇಸರ ತರಿಸುವುದು ನಿಯಮಗಳ ದಿಕ್ಕು. 2021ರಲ್ಲಿ ವಿಂಟೇಜ್ ವಾಹನಗಳ ನಿಯಮ ಬಂತು. 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, 'ವಿಎ' ಅಕ್ಷರ ಇರುವ ಬೇರೆ ನಂಬರ್ ಪ್ಲೇಟ್ ಸಿಗುತ್ತದೆ. ಆದರೆ ಆಮೇಲೆ ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥ ಕೆಲಸಕ್ಕೆ ಮಾತ್ರ. ಇನ್ನು ನನ್ನಂಥವರು 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಹೋಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ 10,000 ಆಯಿತು. ತಪಾಸಣೆ ಬಿಗಿ ಮಾಡಲಿ, ನಾನು ಸ್ವಾಗತಿಸುತ್ತೇನೆ. ಬ್ರೇಕ್ ನೋಡಲಿ, ಹೊಗೆ ನೋಡಲಿ, ಚಾಸಿ ತುಕ್ಕು ನೋಡಲಿ, ಫೇಲ್ ಆದರೆ ರಸ್ತೆಗೆ ಬಿಡುವುದು ಬೇಡ. ಪಾಸಾದ ಗಾಡಿಗೆ ವಯಸ್ಸಾಗಿದೆ ಅನ್ನುವ ಒಂದೇ ಕಾರಣಕ್ಕೆ ದಂಡದಂತೆ ಶುಲ್ಕ ಹಾಕುವುದು ಸರಿಯಲ್ಲ. ದೆಹಲಿಯ ಗಾಳಿಯ ಕಷ್ಟ ಬೇರೆ, ಹಳೇ ಗಾಡಿಗಳ ಬಗ್ಗೆ ಅಲ್ಲಿನ ನಿಯಮ ಅಲ್ಲಿಗಿರಲಿ. ಭದ್ರಾವತಿಯಲ್ಲೂ ವಯಸ್ಸೇ ಅಳತೆಗೋಲು ಯಾಕೆ?

ಮನೆಯಲ್ಲಿ ಫಿಯಟ್ಟೋ ಅಂಬಾಸಿಡರ್ರೋ ಹಳೇ ಮಾರುತಿ 800 ಕಾರೋ ನಿಂತಿದ್ದರೆ ಸುಮ್ನೆ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಲು ಹೋಗಬೇಡಿ. ಮೊದಲು ಬ್ರೇಕ್ ಪೂರ್ತಿ ಬಿಚ್ಚಿಸಿ. ಆಮೇಲೆ ಹಳೇ ಪೆಟ್ರೋಲ್ ಖಾಲಿ ಮಾಡಿ, ಪೈಪು ಬದಲಾಯಿಸಿ, ಇಂಜಿನ್ ಆಯಿಲ್ ಬದಲಾಯಿಸಿ, ರೇಡಿಯೇಟರ್ ತೊಳೆಸಿ. ಟೈರಿನ ಮೇಲಿನ ಗೀರು ಎಷ್ಟೇ ಆಳ ಇದ್ದರೂ ರಬ್ಬರ್ ಬಿರುಕು ಬಿಟ್ಟಿದ್ದರೆ ಬಿಸಾಡಿ. ಇನ್ಶೂರೆನ್ಸ್ ಮಾಡಿಸಿ. ಆಮೇಲೆ ಮನೆಯಿಂದ ಅಂಗಡಿ, ಅಂಗಡಿಯಿಂದ ಆಫೀಸು ಅಂತ ನಿಧಾನಕ್ಕೆ ಶುರು ಮಾಡಿ. ಶಿವಮೊಗ್ಗ-ಭದ್ರಾವತಿ ಕಡೆಯವರಾದರೆ ಇನ್‌ಬಾಕ್ಸಿಗೆ ಬನ್ನಿ. ಡ್ರಮ್ ಬ್ರೇಕ್ ಕೆಲಸ ಚೆನ್ನಾಗಿ ಗೊತ್ತಿರುವ ಮೆಕ್ಯಾನಿಕ್ ಇದ್ದಾರೆ, ಬೇಕಾದರೆ ನಾನೇ ಜೊತೆಗೆ ಬರುತ್ತೇನೆ.