ಅದ್ದುವ ಮಾತು

ಬಿಳಿಯ ಬಟ್ಟೆಯನ್ನು ಬಣ್ಣದ ನೀರಿನಲ್ಲಿ ಅದ್ದಿ ತೆಗೆಯುವ ಕೆಲಸಕ್ಕೆ ಹಳೆಯ ಗ್ರೀಕರು ‘ಬಾಪ್ತೊ’ ಎನ್ನುತ್ತಿದ್ದರು. ಅದೇ ಧಾತುವಿನಿಂದ ಹುಟ್ಟಿದ, ಅದಕ್ಕಿಂತ ಬಿರುಸಾದ ‘ಬಾಪ್ತಿಜೊ’ ಎಂಬ ಕ್ರಿಯಾಪದಕ್ಕೆ ಮುಳುಗಿಸು ಎಂದರ್ಥ. ಹಡಗು ಕಡಲಿನ ಪಾಲಾದರೂ ಅದೇ ಪದ, ಹಿಂದಿನ ರಾತ್ರಿ ಮಿತಿಮೀರಿ ಕುಡಿದವನಿಗೂ ಅದೇ ಪದ, ಸಾಲಗಾರನಿಗೂ ಅದೇ ಪದ. ಸಾಲ ಮಾಡಿದವನನ್ನು ಮುಳುಗಿಸುವುದರಲ್ಲಿ ಕನ್ನಡವೂ ಹಿಂದೆ ಬಿದ್ದಿಲ್ಲ.

ಇಷ್ಟು ಲೌಕಿಕವಾದ ಪದವು ನೀರಿನ ಮೂಲಕ ಧರ್ಮಕ್ಕೆ ಸೇರಿಸಿಕೊಳ್ಳುವ ಕ್ರೈಸ್ತರ ಪವಿತ್ರ ಸಂಸ್ಕಾರಕ್ಕೆ, ಅಂದರೆ ಬ್ಯಾಪ್ಟಿಸಮ್ಮಿಗೆ, ಹೆಸರಾದ ಮೇಲೆ ಅದನ್ನು ಅನುವಾದಿಸುವವರಿಗೆ ಪೇಚಾಟ ಶುರುವಾಯಿತು. ಜರ್ಮನ್ನರ ‘ತೌಫೆ’ ಆಳ ಎಂಬರ್ಥದ ಪದದ ಬಳಗಕ್ಕೆ ಸೇರಿದ್ದು. ರಷ್ಯನ್ನರು ನೀರನ್ನೇ ಬಿಟ್ಟು ಶಿಲುಬೆಯ ನಂಟಿರುವ ಪದವನ್ನು ಆರಿಸಿಕೊಂಡರು. ಇಂಗ್ಲಿಷರು ಗ್ರೀಕ್ ಪದವನ್ನೇ ಲ್ಯಾಟಿನ್ ಮೂಲಕ ಎರವಲು ಪಡೆದು ಅರ್ಥ ಹೇಳುವ ಹೊಣೆಯಿಂದ ನುಣುಚಿಕೊಂಡರು. ನುಣುಚಿಕೊಂಡದ್ದೇ ಜಾಣತನವೆನ್ನಬೇಕು, ಏಕೆಂದರೆ ಬಂಗಾಳಿ ಬೈಬಲಿನಲ್ಲಿ ಪೂರ್ತಿ ಮುಳುಗಿಸಲೇಬೇಕೆನ್ನುವ ಬ್ಯಾಪ್ಟಿಸ್ಟ್ ಪಂಗಡದ ಅನುವಾದಕರು ಮುಳುಗಿಸು ಎಂಬರ್ಥದ ಪದವನ್ನೇ ಬಳಸಿದಾಗ, ನೀರು ಚಿಮುಕಿಸಿದರೂ ಸಾಕೆನ್ನುವ ಪಂಗಡಗಳು ಒಪ್ಪದೆ, 1836ರಲ್ಲಿ ಅಮೆರಿಕನ್ ಬೈಬಲ್ ಸೊಸೈಟಿ ಅದಕ್ಕೆ ಹಣ ಕೊಡಲು ನಿರಾಕರಿಸಿತು.

ಕನ್ನಡದಲ್ಲಿ ಕ್ಯಾಥೊಲಿಕರು ‘ಜ್ಞಾನಸ್ನಾನ’ ಎನ್ನುತ್ತಾರೆ, ಪ್ರೊಟೆಸ್ಟೆಂಟರು ‘ದೀಕ್ಷಾಸ್ನಾನ’ ಎನ್ನುತ್ತಾರೆ. ಬರಿಯ ಸ್ನಾನವೆಂದರೆ ಮೈತೊಳೆಯುವ ನಿತ್ಯಕರ್ಮವಾಗಿಬಿಡುತ್ತದೆಂಬ ಅಂಜಿಕೆಯಿಂದಲೋ ಏನೋ, ಎರಡರ ಮುಂದೆಯೂ ಒಂದೊಂದು ಗಂಭೀರ ಪದ ಕಾವಲು ನಿಂತಿದೆ. ವೈದಿಕ ಯಜ್ಞದಿಂದ ಶೈವಮಠದವರೆಗೆ ಓಡಾಡಿ ಬಂದ ‘ದೀಕ್ಷೆ’ ಇಲ್ಲಿಯೂ ಸಲೀಸಾಗಿ ಹೊಂದಿಕೊಂಡಿತು. ನೀರು ಎಷ್ಟಿರಬೇಕೆಂಬ ಪ್ರಶ್ನೆಗೆ ‘ಸ್ನಾನ’ ಬಾಯಿಬಿಡುವುದಿಲ್ಲ. ಜಗಳದಿಂದ ದೂರ ಉಳಿಯಲು ಅದೂ ಒಂದು ಉಪಾಯವೇ.

ಇಂಗ್ಲಿಷಿನಲ್ಲಿ ಜಾನ್ ದ ಬ್ಯಾಪ್ಟಿಸ್ಟ್ ಎನ್ನಿಸಿಕೊಳ್ಳುವ, ಕನ್ನಡ ಬೈಬಲಿನ ‘ಸ್ನಾನಿಕನಾದ ಯೋಹಾನ’ನ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. ಆ ಹೆಸರು ಕೇಳಿದರೆ ಅವನೇ ದಿನವಿಡೀ ನೀರಿನಲ್ಲಿ ಮೀಯುತ್ತಿದ್ದನೇನೋ ಅನ್ನಿಸುತ್ತದೆ, ನಿಜದಲ್ಲಿ ಅವನು ಮೀಯಿಸುತ್ತಿದ್ದವನು. ಯೆಹೂದಿಗಳ ಶುದ್ಧಿಸ್ನಾನದಲ್ಲಿ ಯಾರಿಗೆ ಶುದ್ಧಿ ಬೇಕೋ ಅವರು ತಾವೇ ನೀರಿಗಿಳಿದು ಮುಳುಗೇಳುತ್ತಾರೆ. ಯೊರ್ದನ್ ನದಿಯಲ್ಲಿ ಯೋಹಾನನು ಇತರರನ್ನು ತನ್ನ ಕೈಯಿಂದ ಮುಳುಗಿಸಿದ್ದೇ ಹೊಸತು, ಅವನಿಗೆ ಆ ಬಿರುದು ಅಂಟಿದ್ದೂ ಅದಕ್ಕಾಗಿಯೇ ಇರಬೇಕು. ಹೆಸರಿನಲ್ಲಿ ತಪ್ಪಿಹೋದ ಈ ಸೂಕ್ಷ್ಮವನ್ನು ಕನ್ನಡವು ಕ್ರಿಯಾಪದದಲ್ಲಿ ಉಳಿಸಿಕೊಂಡಿದೆ: ದೀಕ್ಷಾಸ್ನಾನವನ್ನು ಯಾರೂ ‘ಮಾಡಿಕೊಳ್ಳು’ವುದಿಲ್ಲ, ‘ಮಾಡಿಸಿಕೊಳ್ಳು’ತ್ತಾರೆ.